ಫ್ರಾಂಕಿನ್ಸೆನ್ಸ್ ಎಣ್ಣೆಯಲ್ಲಿ ನಮ್ಮ ದೇವರಮನೆಯ ಧೂಪ ಯಾಕೆ ಬರುತ್ತಿಲ್ಲ?

ಗಂಧದಕೊರಡು:

ನಮಸ್ಕಾರ ಎಲ್ಲರಿಗೂ. ಮನೆಯಲ್ಲೇ ಸೆಂಟು ಬೆರೆಸುವುದನ್ನು ಕಲಿಯಲು ಶುರುಮಾಡಿ ಎರಡು ವರ್ಷವಾಯಿತು. ಇದುವರೆಗೆ ಮಲ್ಲಿಗೆ, ಲಾವಂಚ, ದವನ ಇಂಥವುಗಳಲ್ಲೇ ಕೈಯಾಡಿಸಿದ್ದೆ. ಈಗ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ತಿಳಿದವರು ದಾರಿ ಹೇಳಿ.

ನನ್ನ ಅಕ್ಕ ಟೊರಾಂಟೊದಲ್ಲಿದ್ದಾಳೆ. ಹನ್ನೆರಡನೇ ಮಹಡಿಯ ಮನೆ. ಅಲ್ಲಿ ಒಂದು ಊದುಬತ್ತಿ ಹಚ್ಚಿದರೂ ಹೊಗೆಯ ಅಲಾರಂ ಬಡಿದುಕೊಳ್ಳುತ್ತದೆ, ಇನ್ನು ಕೆಂಡದ ಮೇಲೆ ಧೂಪ ಹಾಕುವ ಮಾತೆಲ್ಲಿ. ಗೌರಿ ಹಬ್ಬದ ದಿನ ಫೋನ್ ಮಾಡಿದಾಗ, "ಹೊಗೆ ಬೇಡ ಕಣೇ, ಅಜ್ಜಿ ಮನೆ ಧೂಪದ ವಾಸನೆ ಮಾತ್ರ ಒಂದು ಶೀಶೆಗೆ ಹಾಕಿ ಕಳಿಸ್ತೀಯಾ?" ಅಂದಳು. ಅಜ್ಜಿ ಮನೆ ತಿಪಟೂರಿನ ಕಡೆ. ಶುಕ್ರವಾರ ನಾವೆಲ್ಲ ಎಣ್ಣೆನೀರು ಹಾಕಿಕೊಂಡ ಮೇಲೆ ಅಜ್ಜಿ ಬಚ್ಚಲ ಒಲೆಯ ಕೆಂಡವನ್ನು ಧೂಪದಾನಿಗೆ ತುಂಬಿ, ಮೇಲೊಂದು ಚಿಟಿಕೆ ಪುಡಿ ಉದುರಿಸಿ, ಮೊದಲು ದೇವರಮನೆಗೆ ತೋರಿಸಿ, ಆಮೇಲೆ ನಮ್ಮ ಒದ್ದೆ ಕೂದಲಿನ ಕೆಳಗೆ ಹಿಡಿಯುತ್ತಿದ್ದರು. ಆ ಮನೆ ಈಗಿಲ್ಲ.

ಪುಸ್ತಕಗಳಲ್ಲಿ "ಇನ್ಸೆನ್ಸ್ ನೋಟ್", ಅಂದರೆ ಸೆಂಟಿನೊಳಗಿನ ಧೂಪದ ಎಳೆ, ಎಂದರೆ ಫ್ರಾಂಕಿನ್ಸೆನ್ಸ್ ಎಂಬ ಮರದ ಅಂಟು ಎಂದು ಓದಿದ್ದೆ. ಸೊಮಾಲಿಯಾದ ಎಣ್ಣೆ ತರಿಸಿ, ಅದನ್ನು 30 ಭಾಗ, ದೇವದಾರು 10, ಗಂಧದೆಣ್ಣೆ 10, ಮಲ್ಲಿಗೆ ಅಬ್ಸಲ್ಯೂಟ್ 2 ಹಾಕಿ ಸ್ಪಿರಿಟ್‌ನಲ್ಲಿ ಬೆರೆಸಿ ಒಂದು ತಿಂಗಳು ಇಟ್ಟೆ. ಕೈಗೆ ಹಚ್ಚಿಕೊಂಡರೆ ಮೊದಲ ಹತ್ತು ನಿಮಿಷ ನಿಂಬೆಸಿಪ್ಪೆ, ಮೆಣಸು, ಪೈನ್ ಎಲೆ. ಒಂದು ಗಂಟೆ ಕಳೆದರೆ ಬರೀ ಗಂಧ. ಧೂಪ ಎನ್ನುವುದು ನಡುವೆ ಎಲ್ಲೂ ಸುಳಿಯಲೇ ಇಲ್ಲ. ಎಣ್ಣೆ ಕಲಬೆರಕೆಯೋ, ನನ್ನ ಅಳತೆ ತಪ್ಪೋ?

ರಸಾಯನ ಮೇಷ್ಟ್ರು:

ಎಣ್ಣೆಯೂ ಸರಿಯಾಗಿದೆ, ನಿಮ್ಮ ಮೂಗೂ ಸರಿಯಾಗಿದೆ. ಫ್ರಾಂಕಿನ್ಸೆನ್ಸ್ ಅಂಟಿನಲ್ಲಿ ಆವಿಯಾಗುವ ಎಣ್ಣೆ ನೂರಕ್ಕೆ ಐದರಿಂದ ಒಂಬತ್ತು ಪಾಲು ಇದ್ದರೆ ಹೆಚ್ಚು. ಉಳಿದದ್ದೆಲ್ಲ ರಾಳ ಮತ್ತು ಗೋಂದು. ನೀರಾವಿಯಲ್ಲಿ ಬಟ್ಟಿ ಇಳಿಸಿದಾಗ ಹಗುರಾದ ಅಣುಗಳು ಮೇಲೆದ್ದು ಬರುತ್ತವೆ, ಭಾರದವು ಹಂಡೆಯಲ್ಲೇ ಕೂರುತ್ತವೆ. ಮೇಲೆ ಬರುವುದರಲ್ಲಿ ದೊಡ್ಡ ಪಾಲು ಆಲ್ಫಾ-ಪೈನೀನ್, ಅದೇ ನಿಮ್ಮ ಪೈನ್ ಎಲೆ. ಜೊತೆಗೆ ಲಿಮೊನೀನ್, ಅದೇ ನಿಂಬೆಸಿಪ್ಪೆ. ಎರಡೂ ಚರ್ಮದ ಮೇಲೆ ಹೆಚ್ಚು ಹೊತ್ತು ನಿಲ್ಲುವ ಜಾತಿಯಲ್ಲ.

ಮರದ ಜಾತಿಯ ಮೇಲೂ ವಾಸನೆ ಬದಲಾಗುತ್ತದೆ. ಒಮಾನ್ ಮತ್ತು ಸೊಮಾಲಿಯಾದ ಬಾಸ್ವೆಲಿಯಾ ಸಾಕ್ರಾ, ಕಾರ್ಟೆರಿಗಳಲ್ಲಿ ಸಾಮಾನ್ಯವಾಗಿ ಪೈನೀನ್ ಹೆಚ್ಚು. ಇಥಿಯೋಪಿಯಾ ಕಡೆಯ ಪಪಿರಿಫೆರಾದಲ್ಲಿ ಆಕ್ಟೈಲ್ ಅಸಿಟೇಟ್ ಹೆಚ್ಚು, ಅದು ಹಣ್ಣಿನ ಹಾಗೆ, ಸ್ವಲ್ಪ ಅಣಬೆಯ ಹಾಗೆ. ನಮ್ಮ ದೇಶದ ಸೆರಾಟಾ, ಉತ್ತರದವರು ಸಲೈ ಎನ್ನುವ ಮರ, ಅದರ ಎಣ್ಣೆಯಲ್ಲಿ ಆಲ್ಫಾ-ಥೂಜೀನ್ ಮುಂದಾಳು. ಶೀಶೆಯ ಮೇಲೆ ಜಾತಿಯ ಹೆಸರಿಲ್ಲದಿದ್ದರೆ ಕೊಳ್ಳಬೇಡಿ.

ಹಾಗಾದರೆ ಹಳೆಯ ಚರ್ಚಿನೊಳಗೆ ಕಾಲಿಟ್ಟಾಗ ಬರುವ ಆ ಗಂಭೀರ ವಾಸನೆ ಎಲ್ಲಿಂದ? ಇದು ಬಹಳ ಕಾಲ ರಸಾಯನಶಾಸ್ತ್ರಕ್ಕೂ ಒಗಟಾಗಿತ್ತು. ಫ್ರಾನ್ಸಿನ ನೀಸ್ ನಗರದಲ್ಲಿ ನಿಕೋಲಾ ಬಾಲ್ದೊವಿನಿಯವರ ತಂಡ 2016ರಲ್ಲಿ ಅದನ್ನು ಹಿಡಿಯಿತು: ಎಣ್ಣೆಯಲ್ಲಿ ಅತಿ ಸೂಕ್ಷ್ಮ ಪ್ರಮಾಣದಲ್ಲಿರುವ ಎರಡು ಆಮ್ಲಗಳು. ಮೂರೇ ಇಂಗಾಲದ ಒಂದು ಪುಟ್ಟ ಬಳೆ, ಅದಕ್ಕೆ ಎಂಟು ಇಂಗಾಲದ ಬಾಲ. ಒಲಿಬ್ಯಾನಿಕ್ ಆಮ್ಲ ಎಂದು ಹೆಸರಿಟ್ಟರು. ಪ್ರಮಾಣ ಅಷ್ಟು ಕಡಿಮೆಯಿದ್ದರೂ ಮೂಗು ಅದನ್ನು ಬಿಡದೆ ಹಿಡಿಯುತ್ತದೆ. ಈ ಸಂಗತಿ ಓದಿದ ದಿನ ನಾನು ಬಿಎಸ್ಸಿ ಮಕ್ಕಳಿಗೆ ಪಾಠ ಬಿಟ್ಟು ಇದನ್ನೇ ಹೇಳಿದ್ದೆ.

ನಿಮ್ಮ ಕೆಲಸಕ್ಕೆ: ಬಟ್ಟಿ ಎಣ್ಣೆಯ ಬದಲು ರೆಸಿನಾಯ್ಡ್ (ಅಂಟನ್ನು ದ್ರಾವಕದಲ್ಲಿ ಕರಗಿಸಿ ತೆಗೆದ ಸಾರ) ಅಥವಾ ಕಾರ್ಬನ್ ಡೈಆಕ್ಸೈಡ್ ಒತ್ತಡದಲ್ಲಿ ತೆಗೆದ ಸಾರ ತನ್ನಿ. ಅದರಲ್ಲಿ ಭಾರದ ಭಾಗವೂ ಉಳಿದಿರುತ್ತದೆ. ಎಣ್ಣೆಯನ್ನು ಮುನ್ನುಡಿಗೆ ಮಾತ್ರ ಸ್ವಲ್ಪ ಇಟ್ಟುಕೊಳ್ಳಿ.

ಲೋಬಾನ್ ಗಲ್ಲಿ:

ಅಕ್ಕಾರ, ಮೇಷ್ಟ್ರು ಹೇಳಿದ್ದು ಖರೇ ಅದ. ಆದ್ರ ಬುಡದಾಗಿನ ಪ್ರಶ್ನಿ ಯಾರೂ ಕೇಳವಲ್ರು. ನಿಮ್ಮ ಅಜ್ಜಿ ಉದುರಸ್ತಿದ್ದ ಪುಡಿ ಯಾವುದು? ಅದು ಫ್ರಾಂಕಿನ್ಸೆನ್ಸ್ ಅಂತ ನಿಮಗ ಯಾರು ಹೇಳಿದ್ರು?

ನಾನು ಕಲಬುರಗಿಯಾಕಿ. ನಮ್ಮಲ್ಲಿ ಗುರುವಾರ ಸಂಜಿ ಫಕೀರ ಕೈಯಾಗ ಕೆಂಡದ ಪಾತ್ರಿ ಹಿಡದು ಅಂಗಡಿ ಅಂಗಡಿಗೆ ಲೋಬಾನ ಹೊಗಿ ಹಾಕ್ಕೋತ ಬರ್ತಾನ. ಕಿರಾಣಿ ಅಂಗಡಿ ಶೆಟ್ಟರೂ ಗಲ್ಲಾಪೆಟ್ಟಿಗಿ ಮ್ಯಾಲೆ ಹೊಗಿ ಹಿಡಿಸ್ಕೋತಾರ. ದರ್ಗಾದಾಗೂ ಅದೇ, ನಮ್ಮ ಮನಿ ಬಾಣಂತಿ ಕ್ವಾಣ್ಯಾಗೂ ಅದೇ. ನಾವು ಲೋಬಾನ ಅಂತೀವಿ, ನೀವು ಸಾಂಬ್ರಾಣಿ ಅಂತೀರಿ. ಅದು ಬೆಂಜೊಯಿನ್ ರೀ, ಸುಮಾತ್ರಾದ ಸ್ಟೈರಾಕ್ಸ್ ಅನ್ನೋ ಗಿಡದ ಅಂಟು. ಫ್ರಾಂಕಿನ್ಸೆನ್ಸ್ ಗಿಡಕ್ಕೂ ಅದಕ್ಕೂ ಯಾವ ಸಂಬಂಧನೂ ಇಲ್ಲ.

ಈ ಗೊಂದಲ ಇವತ್ತಿನದಲ್ಲ. ಅರಬ್ಬರು ತಮ್ಮ ನಾಡಿನ ಫ್ರಾಂಕಿನ್ಸೆನ್ಸಿಗೆ ಲುಬಾನ್ ಅಂತಿದ್ರು. ಪೂರ್ವದ ದ್ವೀಪದಿಂದ ಬಂದ ಈ ಇನ್ನೊಂದು ಅಂಟಿಗೆ ಲುಬಾನ್ ಜಾವಿ, ಅಂದ್ರ ಜಾವಾದ ಲುಬಾನ್ ಅಂದ್ರು. ಅದರ ಮುಂದಿನ "ಲು" ಉದುರಿ, "ಬಾನ್ ಜಾವಿ" ಯುರೋಪಿನವರ ಬಾಯಾಗ ಬೆಂಜೊಯಿನ್ ಆತು. ನಮ್ಮ ಕಡೆ "ಜಾವಿ" ಉದುರಿ ಬರೀ ಲೋಬಾನ ಉಳೀತು. ಅದಕ್ಕ ಅಂಗಡ್ಯಾಗ ಲೋಬಾನ ಕೇಳಿದ್ರ ಒಬ್ಬ ಇದನ್ನ ಕೊಡ್ತಾನ, ಇನ್ನೊಬ್ಬ ಅದನ್ನ.

ಇನ್ನೊಂದು ಮಾತು ಹೇಳೇ ಬಿಡ್ತೀನಿ. ನಾವು ಊದಿನಕಡ್ಡಿ ಅಂತೀವಿ, ನೀವು ಊದುಬತ್ತಿ. ಭಾಳ ಮಂದಿ ಇದು ಬಾಯಿಲೆ ಊದೋದರಿಂದ ಬಂತು ಅಂದ್ಕೊಂಡಾರ. ಅಲ್ಲ. ಅರಬ್ಬಿಯ ಊದ್, ಅಂದ್ರ ಅಗರು ಮರ. ಅಗರಬತ್ತಿ ಅನ್ನೋ ಹೆಸರಿನಾಗೂ ಅದೇ ಅಗರು. ಎರಡೂ ಹೆಸರು ಒಂದೇ ಮರದ್ದು, ಆದ್ರ ಇವತ್ತು ಹತ್ತು ರೂಪಾಯಿ ಪಾಕೀಟಿನ ಕಡ್ಡಿಯಾಗ ಆ ಮರದ ಒಂದು ಚೂರೂ ಇರೂದಿಲ್ಲ.

ಗಂಧದಕೊರಡು:

ನಿಮ್ಮ ಮಾತು ಓದಿ ತಲೆ ಮೇಲೆ ತಣ್ಣೀರು ಸುರಿದ ಹಾಗಾಯಿತು. ನಿಜ, ಅಜ್ಜಿ ಯಾವತ್ತೂ ಫ್ರಾಂಕಿನ್ಸೆನ್ಸ್ ಎಂದವರಲ್ಲ. "ಸಾಂಬ್ರಾಣಿ" ಎನ್ನುತ್ತಿದ್ದರು, ಕೆಲವು ಸಲ "ಮಡ್ಡಿ ಹಾಕು" ಎನ್ನುತ್ತಿದ್ದರು.

ಭಾನುವಾರ ಅವೆನ್ಯೂ ರಸ್ತೆಯ ಹಿಂದಿನ ಗಲ್ಲಿಗಳಲ್ಲಿ ಗ್ರಂಥಿಗೆ ಅಂಗಡಿ ಹುಡುಕಿಕೊಂಡು ಹೋದೆ. ಸಾಂಬ್ರಾಣಿ, ಹಾಲುಮಡ್ಡಿ, ಗುಗ್ಗುಳ, ರಾಳ, ನಾಲ್ಕನ್ನೂ ಐವತ್ತೈವತ್ತು ಗ್ರಾಂ ತಂದು ಬಾಲ್ಕನಿಯಲ್ಲಿ ಒಂದೊಂದಾಗಿ ಕೆಂಡದ ಮೇಲೆ ಹಾಕಿ ನೋಡಿದೆ. ಸಾಂಬ್ರಾಣಿ ಹಾಕಿದ ತಕ್ಷಣ ಗಂಟಲು ಹಿಡಿಯುವ ಹಾಗೆ ಘಾಟು, ಅದು ಇಳಿದ ಮೇಲೆ ಸಿಹಿ, ಹಾಲು ಉಕ್ಕಿ ಒಲೆಯ ಮೇಲೆ ಸೀದ ಹಾಗೆ. ರಾಳ ಬೇರೆಯೇ: ನಿಂಬೆ, ಹಸಿ ಸೌದೆ, ದಟ್ಟ ಬಿಳಿ ಹೊಗೆ. ಗುಗ್ಗುಳ ಕಹಿ, ಔಷಧಿ ಅಂಗಡಿಯ ಹಾಗೆ. ಹಾಲುಮಡ್ಡಿ ಎಲ್ಲಕ್ಕಿಂತ ಮೃದು.

ಸಾಂಬ್ರಾಣಿ ಎರಡು ಪಾಲು, ರಾಳ ಒಂದು ಪಾಲು ಒಟ್ಟಿಗೆ ಹಾಕಿದಾಗ ಅಮ್ಮ ಅಡುಗೆಮನೆಯಿಂದ ಎದ್ದು ಬಂದರು. ಏನೂ ಮಾತಾಡಲಿಲ್ಲ, ಬಾಗಿಲಲ್ಲಿ ನಿಂತುಕೊಂಡಿದ್ದರು. ಅದೇ ಎಂದು ನನಗೂ ಗೊತ್ತಾಯಿತು.

ಬತ್ತಿಮನೆ:

ತಾಯಿ, ನಾನು ಮೈಸೂರಿನಲ್ಲಿ ಮೂವತ್ತೆರಡು ವರ್ಷ ಬತ್ತಿ ಕಾರ್ಖಾನೆಗಳ ಕಾಂಪೌಂಡ್ (ಸೆಂಟಿನ ಮಿಶ್ರಣ) ರೂಮಿನಲ್ಲಿ ದುಡಿದವನು. ನಿವೃತ್ತಿಯಾಗಿ ಆರು ವರ್ಷ. ಟೈಪ್ ಮಾಡುವುದು ನಿಧಾನ, ಆದರೂ ಈ ವಿಷಯಕ್ಕೆ ಸುಮ್ಮನಿರಲು ಮನಸ್ಸು ಬರುತ್ತಿಲ್ಲ.

ಮೊದಲು ಬತ್ತಿಯ ವಿಷಯ. ಬತ್ತಿಯಲ್ಲಿ ಎರಡು ವಂಶ. ಒಂದು ಮಸಾಲೆ ಬತ್ತಿ: ಗಂಧದ ಪುಡಿ, ಲಾವಂಚದ ಬೇರು, ಕಚೋರ, ಜಟಾಮಾಂಸಿ, ಹಾಲುಮಡ್ಡಿ ಎಲ್ಲವನ್ನೂ ಜಿಗಟಿನ ಜೊತೆ ಕಲಸಿ ಕಡ್ಡಿಗೆ ಹೊಸೆಯುವುದು. ಜಿಗಟು ಎಂದರೆ ಮರದ ತೊಗಟೆಯ ಪುಡಿ, ನೀರು ಸೋಕಿದರೆ ಅಂಟಾಗುತ್ತದೆ. ಇನ್ನೊಂದು ಸೆಂಟ್ ಬತ್ತಿ: ಇದ್ದಿಲಪುಡಿ, ಮರದ ಪುಡಿ, ಜಿಗಟು ಕಲಸಿ ಹೊಸೆದ ಕಚ್ಚಾ ಬತ್ತಿಯನ್ನು ಒಣಗಿಸಿ, ಆಮೇಲೆ ಕಾಂಪೌಂಡಿನಲ್ಲಿ ಅದ್ದುವುದು. ಕಚ್ಚಾ ಬತ್ತಿ ಹೊಸೆದವರು ಬಹುಪಾಲು ಮನೆಯಲ್ಲಿ ಕೂತ ಹೆಣ್ಣುಮಕ್ಕಳು. ನಮ್ಮ ಕೇರಿಯ ಎಷ್ಟೋ ಮಕ್ಕಳ ಶಾಲೆ ಫೀಜು ಆ ಮಣೆಯ ಮೇಲೆ ಹುಟ್ಟಿದ್ದು. ಮೈಸೂರು ಅಗರಬತ್ತಿಗೆ 2005ರಲ್ಲಿ ಭೌಗೋಳಿಕ ಗುರುತು ಸಿಕ್ಕಿದಾಗ ನನಗೆ ಮೊದಲು ನೆನಪಾದದ್ದು ಅವರ ಕಪ್ಪಾದ ಅಂಗೈಗಳು.

ನಮಗೆ ಊರಿನ ಪುಣ್ಯವೂ ಇತ್ತು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಆಯಿತು. ಅದಕ್ಕೆ ಮೊದಲು ನಮ್ಮ ಗಂಧದ ಮರ ಹಡಗು ಹತ್ತಿ ಹೋಗಿ ಯುರೋಪಿನಲ್ಲಿ ಎಣ್ಣೆಯಾಗುತ್ತಿತ್ತು, ಮೊದಲ ಮಹಾಯುದ್ಧ ಬಂದು ಆ ದಾರಿ ಮುಚ್ಚಿತು. ಒಳ್ಳೆಯ ಗಂಧದೆಣ್ಣೆಯಲ್ಲಿ ಸ್ಯಾಂಟಲಾಲ್ ಎಂಬ ಪರಿಮಳದ ಅಂಶ ನೂರಕ್ಕೆ ತೊಂಬತ್ತು ಇರಬೇಕು ಎನ್ನುವುದು ನಮ್ಮ ಲೆಕ್ಕ. ಈಗಿನ ಬೆಲೆಗೆ ಅದನ್ನು ಬತ್ತಿಗೆ ಹಾಕುವವರು ಯಾರು? ಬತ್ತಿಯಲ್ಲಿ ಬರುವ ಗಂಧ ಹೆಚ್ಚಾಗಿ ಕಾರ್ಖಾನೆಯ ಅಣುಗಳದ್ದು.

ಹಾಲುಮಡ್ಡಿ ನಮ್ಮ ಪಶ್ಚಿಮ ಘಟ್ಟದ ಮರದ್ದು. ಮರಕ್ಕೆ ಗಾಯ ಮಾಡಿದರೆ ಹಾಲಿನ ಹಾಗೆ ಸುರಿದು ಜೇಡಿಯಾಗುತ್ತದೆ, ಅದಕ್ಕೇ ಆ ಹೆಸರು. ಗಾಳಿಯ ತೇವ ಎಳೆದುಕೊಳ್ಳುವುದರಿಂದ ಹಾಲುಮಡ್ಡಿ ಹಾಕಿದ ಬತ್ತಿ ಯಾವಾಗಲೂ ಕೈಗೆ ಮೆತ್ತಗೆ. ನಿಮ್ಮ ಅಜ್ಜಿ ಮಡ್ಡಿ ಎಂದದ್ದು ಇದನ್ನೇ ಇರಬಹುದು. ಮಲೆನಾಡಿನ ಕಡೆ ರಸ್ತೆ ಬದಿಗೆ ಸಾಲಾಗಿ ನೆಟ್ಟ ಧೂಪದ ಮರಗಳನ್ನು ನೋಡಿದ್ದೀರಲ್ಲ, ಸಾಲುಧೂಪ. ಅದರ ರಾಳವೇ ಬಿಳಿ ಧೂಪ. ಕಪ್ಪುಧೂಪ ಕೊಡುವ ಮರ ಇನ್ನೊಂದು.

ಈಗ ಮುಖ್ಯ ವಿಷಯ. ಪಾಕೀಟು ಒಡೆದಾಗ ಬರುವ ವಾಸನೆ ಒಂದು, ಹಚ್ಚಿದಾಗ ಬರುವುದು ಇನ್ನೊಂದು. ನಮ್ಮ ಗುರುಗಳು ಬತ್ತಿ ಹಚ್ಚಿ ಹೊರಗೆ ಕಳಿಸುತ್ತಿದ್ದರು. ಅರ್ಧ ಗಂಟೆ ಬಿಟ್ಟು, ಬತ್ತಿ ಆರಿದ ಮೇಲೆ, ಬಾಗಿಲು ತೆಗೆದು ಒಳಗೆ ಬಂದಾಗ ಮೊದಲ ಉಸಿರಿಗೆ ಏನು ಸಿಗುತ್ತದೋ ಅದನ್ನು ಹೇಳು ಎನ್ನುತ್ತಿದ್ದರು. ಅದಕ್ಕೇ ಮಾರ್ಕು. ಹಗುರದ್ದೆಲ್ಲ ಬೆಂಕಿಯಲ್ಲಿ ಸುಟ್ಟುಹೋಗುತ್ತದೆ, ಅದಕ್ಕಾಗಿ ನಾವು ಭಾರದ ಮಾಲು ಹಾಕುತ್ತಿದ್ದೆವು: ಕೂಮರಿನ್, ರೋಸ್ ಕ್ರಿಸ್ಟಲ್, ಕಸ್ತೂರಿ ಜಾತಿಯವು. ಬೆಂಕಿ ಬಂದು ಉಳಿದ ಕೆಲಸ ಮಾಡುತ್ತಿತ್ತು. ನಿಮ್ಮ ಶೀಶೆಯಲ್ಲಿ ಬೆಂಕಿಯಿಲ್ಲ. ಆದ್ದರಿಂದ ಬೆಂಕಿಯ ಪಾಲನ್ನೂ ನೀವೇ ಬೆರೆಸಬೇಕು. ಅಂಟಿನ ವಾಸನೆ, ಹೊಗೆಯ ವಾಸನೆ, ಆರಿದ ಮೇಲಿನ ಬೂದಿಯ ವಾಸನೆ, ಮೂರನ್ನೂ ಬೇರೆಬೇರೆ ಕಟ್ಟಿ ಆಮೇಲೆ ಕೂಡಿಸಿ.

ಕುಡ್ಲದವ:

ಬತ್ತಿಮನೆ ಸರ್, ಇಷ್ಟು ಒಳ್ಳೆಯ ವಿವರಣೆ ನಾನು ಎಲ್ಲಿಯೂ ಓದಿಲ್ಲ ಮಾರಾಯ್ರೆ.

ನನ್ನದು ತದ್ವಿರುದ್ಧ ಅನುಭವ. ನಾನು ಮಂಗಳೂರಿನ ಇಗರ್ಜಿಯಲ್ಲಿ ಪಾದ್ರಿಗಳ ಬಳಿ ಧೂಪದ ಸರಪಳಿ ಹಿಡಿದು ನಿಲ್ಲುತ್ತಿದ್ದ ಹುಡುಗ. ಹಬ್ಬದ ಪೂಜೆಗೆ ಅರ್ಧ ಗಂಟೆ ಮೊದಲೇ ಇದ್ದಿಲು ಕೆಂಪಾಗಿರಬೇಕು, ಇಲ್ಲದಿದ್ದರೆ ಧೂಪ ಹಾಕಿದಾಗ ಹೊಗೆ ಏಳುವುದಿಲ್ಲ. ನಮ್ಮ ಡಬ್ಬಿಯಲ್ಲಿ ಇದ್ದದ್ದು ಫ್ರಾಂಕಿನ್ಸೆನ್ಸೇ, ಹಳದಿ ಹರಳು. ಕ್ರಿಸ್ಮಸ್‌ಗೆ "ಚಿನ್ನ, ಧೂಪ, ರಕ್ತಬೋಳ" ಎಂದು ಓದುವಾಗ ಆ ಧೂಪ ಇದೇ ಎಂದು ನಮಗೆ ತೋರಿಸಿ ಹೇಳಿದ್ದರು.

ದುಬೈಯಲ್ಲಿ ಕೆಲಸಕ್ಕೆ ಇದ್ದಾಗ ಕಾಮ್ ದೆ ಗಾರ್ಸೋನ್ ಕಂಪನಿಯ ಆವಿನ್ಯೋನ್ ಎಂಬ ಸೆಂಟು ಮೂಸಿ ನೋಡಿದೆ. 2002ರಲ್ಲಿ ಅವರು ಧೂಪವನ್ನೇ ವಿಷಯವಾಗಿಟ್ಟು ಐದು ಸೆಂಟು ತಂದರು: ಆವಿನ್ಯೋನ್, ಕ್ಯೋಟೊ, ಜೈಸಲ್ಮೇರ್, ವಾರ್ಜಾಜಾತ್, ಜಾಗೊರ್ಸ್ಕ್. ಒಂದೊಂದು ಊರಿಗೆ ಒಂದೊಂದು ಶ್ರದ್ಧೆಯ ಧೂಪ. ಆವಿನ್ಯೋನ್ ಮತ್ತು ಕ್ಯೋಟೊ ಮಾಡಿದ್ದು ಬರ್ಟ್ರಾಂಡ್ ದುಶೋಫೂರ್. ಆವಿನ್ಯೋನ್ ಮೂಸಿದ ಕ್ಷಣ ನಾನು ಆ ಮಾಲ್‌ನಲ್ಲಿ ಇರಲಿಲ್ಲ, ತಣ್ಣನೆಯ ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದೆ. ಪಕ್ಕದಲ್ಲಿದ್ದ ನನ್ನ ಗೆಳೆಯ ಉಡುಪಿಯ ಭಟ್ರು, ಅವರಿಗೆ ಮೂಸಲು ಕೊಟ್ಟೆ. "ಇದೆಂತ, ಪೆನ್ಸಿಲು ಕೆತ್ತಿದ ವಾಸನೆ" ಎಂದರು. ಅವರು ಹೇಳಿದ್ದೂ ಸರಿಯೇ. ಅವರ ಮೂಗಿಗೆ ಆ ಬಾಗಿಲು ಇರಲಿಲ್ಲ.

ಅದಕ್ಕೆ ನನ್ನ ಅಭಿಪ್ರಾಯ, "ಇನ್ಸೆನ್ಸ್ ನೋಟ್" ಎಂಬ ಒಂದೇ ವಸ್ತು ಇಲ್ಲ. ಪುಸ್ತಕ ಬರೆದವರು ತಮ್ಮ ಇಗರ್ಜಿಯ ಧೂಪಕ್ಕೆ ಆ ಹೆಸರು ಕೊಟ್ಟರು. ನಮ್ಮ ಧೂಪಕ್ಕೆ ನಾವೇ ಸೂತ್ರ ಬರೆಯಬೇಕು.

ಸಲಾಲಾ ಕನ್ನಡಿಗ:

ಒಮಾನಿನ ಸಲಾಲಾದಿಂದ ಬರೆಯುತ್ತಿದ್ದೇನೆ, ಇಲ್ಲಿಗೆ ಬಂದು ಹದಿನಾಲ್ಕು ವರ್ಷ. ಫ್ರಾಂಕಿನ್ಸೆನ್ಸ್ ಬೇಡವೇ ಬೇಡ ಎಂದು ತೀರ್ಮಾನಿಸುವ ಮೊದಲು ಆ ಮರದ ಬಗ್ಗೆ ನಾಲ್ಕು ಮಾತು ಕೇಳಿ.

ಇಲ್ಲಿನ ಮಳೆಗಾಲಕ್ಕೆ ಖರೀಫ್ ಎನ್ನುತ್ತಾರೆ. ನಮ್ಮ ಕರಾವಳಿಗೆ ಬರುವ ಅದೇ ಮುಂಗಾರು ಇಲ್ಲಿ ಸೋನೆ, ಮಂಜು ಆಗಿ ಗುಡ್ಡ ಹಸಿರು ಮಾಡುತ್ತದೆ. ಆದರೆ ಒಳ್ಳೆಯ ಅಂಟು ಆ ಹಸಿರಿನಲ್ಲಿಲ್ಲ. ಗುಡ್ಡದ ಆಚೆ ಮಳೆ ತಲುಪದ ಒಣ ನೆಲದ ಮರಗಳದ್ದೇ ಹೋಜಾರಿ ಎನ್ನುವ ಉತ್ತಮ ದರ್ಜೆ. ಚಿಕ್ಕ ಉಳಿಯಂಥ ಕತ್ತಿಯಲ್ಲಿ ತೊಗಟೆ ಹೆರೆಯುತ್ತಾರೆ. ಮೊದಲು ಬಂದ ಅಂಟಿಗೆ ಬೆಲೆಯಿಲ್ಲ. ಕೆಲವು ವಾರ ಬಿಟ್ಟು ಮತ್ತೆ ಅದೇ ಗಾಯ ಕೆದಕಿದಾಗ ಬರುವುದೇ ತಿಳಿಯಾದದ್ದು. ಬಿಳಿ ಅಥವಾ ತುಸು ಹಸಿರು ಛಾಯೆಯ ಹರಳಿಗೆ ಹೆಚ್ಚು ಬೆಲೆ, ಕಂದು ಬಣ್ಣಕ್ಕೆ ಕಡಿಮೆ. ಇಲ್ಲಿನ ವಾದಿ ದೌಕಾದ ಮರಗಳು, ಹಳೆಯ ಬಂದರುಗಳ ಅವಶೇಷಗಳನ್ನೆಲ್ಲ ಸೇರಿಸಿ ಯುನೆಸ್ಕೊ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ಸಂಜೆ ಇಲ್ಲಿ ಮನೆಮನೆಯಲ್ಲೂ ಮಜ್ಮರ್ ಎಂಬ ಮಣ್ಣಿನ ಧೂಪದಾನಿಯಲ್ಲಿ ಲುಬಾನ್ ಹಾಕುತ್ತಾರೆ, ಬಟ್ಟೆಗೆ ಹೊಗೆ ಹಿಡಿಸುತ್ತಾರೆ, ಬಂದ ಅತಿಥಿಯ ಗಡ್ಡಕ್ಕೂ ಹಿಡಿಯುತ್ತಾರೆ. ಒದ್ದೆ ಕೂದಲಿಗೆ ಹಿಡಿಯುತ್ತಿದ್ದ ನಿಮ್ಮ ಅಜ್ಜಿ ಇಲ್ಲಿಗೆ ಬಂದಿದ್ದರೆ ಈ ಹೆಂಗಸರ ಜೊತೆ ಭಾಷೆಯಿಲ್ಲದೆ ಹೊಂದಿಕೊಳ್ಳುತ್ತಿದ್ದರು.

ಒಂದು ವಿಷಯ ಮನಸ್ಸಿಗೆ ಹಚ್ಚಿಕೊಳ್ಳಿ. ಇಥಿಯೋಪಿಯಾ, ಎರಿಟ್ರಿಯಾ, ಸೂಡಾನ್ ಕಡೆಯ ಪಪಿರಿಫೆರಾ ಕಾಡುಗಳಲ್ಲಿ ಹೊಸ ಸಸಿಗಳು ಬೆಳೆದು ಮರವಾಗುತ್ತಿಲ್ಲ. ದನ ಮೇಯುತ್ತವೆ, ಬೆಂಕಿ ಬೀಳುತ್ತದೆ, ಇರುವ ಮರಗಳನ್ನು ಅತಿಯಾಗಿ ಹೆರೆಯುತ್ತಾರೆ. ಇಪ್ಪತ್ತು ವರ್ಷದಲ್ಲಿ ಅಲ್ಲಿನ ಇಳುವರಿ ಅರ್ಧಕ್ಕಿಳಿಯುತ್ತದೆ ಎಂದು 2019ರ ಅಧ್ಯಯನವೊಂದು ಲೆಕ್ಕ ಹಾಕಿತು. ಹಾಗಾಗಿ ಎಣ್ಣೆಯನ್ನು ಹನಿಯ ಲೆಕ್ಕದಲ್ಲಿ ಬಳಸಿ. 30 ಭಾಗ ಯಾಕೆ ಬೇಕು, ಮೂರು ಸಾಕು.

ಗಂಧದಕೊರಡು:

ಎಲ್ಲರಿಗೂ ಕೈಮುಗಿದೆ. ಮೂರು ವಾರದ ಕೆಲಸದ ವರದಿ ಇದು.

ಬತ್ತಿಮನೆ ಸರ್ ಹೇಳಿದಂತೆ ಮೂರು ತುಂಡು ಮಾಡಿಕೊಂಡೆ. ಅಂಟಿಗೆ: ಬೆಂಜೊಯಿನ್ ರೆಸಿನಾಯ್ಡ್ 14, ಫ್ರಾಂಕಿನ್ಸೆನ್ಸ್ ಸಾರ 4, ಲ್ಯಾಬ್ಡಾನಮ್ ಎಂಬ ಗಿಡದ ಅಂಟು 3. ಅಂಗಡಿಯಿಂದ ತಂದ ರಾಳವನ್ನು ಸ್ಪಿರಿಟ್‌ನಲ್ಲಿ ನೆನೆಹಾಕಿ ಸೋಸಿ ಟಿಂಕ್ಚರ್ ಮಾಡಿ, ಅದನ್ನು ನೀರಿನ ಬದಲಿಗೆ ಎನ್ನುವಂತೆ ಧಾರಾಳವಾಗಿ ಬಳಸಿದೆ. ಇದು ಚೆನ್ನಾಗಿ ಬಂತು. ಬೆಂಜೊಯಿನ್‌ನಲ್ಲಿ ವೆನಿಲಿನ್ ಇರುವುದರಿಂದ ಆ ಸೀದ ಹಾಲಿನ ಸಿಹಿ ತಾನಾಗಿ ಬಂತು.

ಹೊಗೆಯಲ್ಲಿ ಸೋತೆ. ಜುನಿಪರ್ ಮರವನ್ನು ಸುಟ್ಟು ಇಳಿಸುವ ಕೇಡ್ ಎಣ್ಣೆ 1 ಭಾಗ ಹಾಕಿದೆ. ಇಡೀ ಶೀಶೆ ಕಾಡಿಗೆ ಬೆಂಕಿ ಬಿದ್ದ ಹಾಗೆ, ಹೊಗೆ ಹಾಕಿದ ಮೀನಿನ ಹಾಗೆ. ಮೂರು ದಿನ ರೂಮಿನ ಕಿಟಕಿ ತೆರೆದೇ ಇಟ್ಟೆವು. ಬೂದಿಯ ತುಂಡು ಹೇಗೆ ಕಟ್ಟುವುದು ಎಂದೇ ತೋಚುತ್ತಿಲ್ಲ. ಬೂದಿಗೆ ವಾಸನೆ ಇದೆಯೇ? ಅಜ್ಜಿಯ ವಿಭೂತಿ ಗಟ್ಟಿ ಈಗಲೂ ನನ್ನ ಹತ್ತಿರ ಇದೆ, ಮೂಗಿಗೆ ಹಿಡಿದರೆ ಏನೂ ಇಲ್ಲ, ಆದರೂ ಏನೋ ಇದೆ.

ಇನ್ನೊಂದು ಕೇಳಬೇಕಿತ್ತು. ಕಡ್ಡಿಗೆ ಹಾಕುವ ರೆಡಿಮೇಡ್ ಕಾಂಪೌಂಡ್ ಒಂದು ಅಂಗಡಿಯಲ್ಲಿ ಸಿಕ್ಕಿತು, ವಾಸನೆ ಬಹಳ ಹತ್ತಿರ ಇದೆ. "ಕೈಗೂ ಹಚ್ಚಬಹುದು" ಎಂದರು. ಮೊಣಕೈ ಒಳಗೆ ಹಚ್ಚಿಕೊಂಡೆ, ಮರುದಿನ ಬಿಸಿಲಿಗೆ ಹೋಗಿ ಬಂದ ಮೇಲೆ ಕೆಂಪಾಗಿ ಉರಿ.

ಬತ್ತಿಮನೆ:

ತಾಯಿ, ಆ ಕಾಂಪೌಂಡನ್ನು ಇನ್ನೊಂದು ಸಲ ಮೈಗೆ ಮುಟ್ಟಿಸಬೇಡಿ. ಉರಿ ಇಳಿಯದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ, ಶೀಶೆಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಬತ್ತಿಯ ಕಾಂಪೌಂಡ್ ಬೆಂಕಿಗಾಗಿ ಮಾಡಿದ್ದು, ಮೈಗಾಗಿ ಅಲ್ಲ. ತೆಳು ಮಾಡಲು ಡಿಇಪಿ (ಡೈಈಥೈಲ್ ಥಾಲೇಟ್) ಎಂಬ ದ್ರಾವಕ ಸುರಿದಿರುತ್ತಾರೆ. ಕಸ್ತೂರಿ ವಾಸನೆಗೆ ಮಸ್ಕ್ ಆಂಬ್ರೆಟ್ ಎಂಬ ಮಾಲು ಬತ್ತಿಗಳಲ್ಲಿ ಬಳಕೆಯಲ್ಲಿತ್ತು, ಅದು ಮೈಮೇಲಿದ್ದು ಬಿಸಿಲು ಬಿದ್ದರೆ ಚರ್ಮ ಕೆರಳುತ್ತದೆ. ಮೈಗೆ ಹಚ್ಚುವ ಸೆಂಟಿನಲ್ಲಿ ಅದನ್ನು ಹಾಕಕೂಡದು ಎಂದು ಅಂತಾರಾಷ್ಟ್ರೀಯ ಸುಗಂಧ ಸಂಘ ಎಷ್ಟೋ ವರ್ಷದ ಹಿಂದೆಯೇ ನಿಷೇಧಿಸಿದೆ. ನಿಮ್ಮ ಶೀಶೆಯಲ್ಲಿ ಏನಿದೆಯೋ ಗೊತ್ತಿಲ್ಲದಾಗ ಪ್ರಯೋಗ ಬೇಡ. ಅಕ್ಕನಿಗಂತೂ ಅದನ್ನು ಕಳಿಸಲೇಬೇಡಿ.

ರಸಾಯನ ಮೇಷ್ಟ್ರು:

ಕೇಡ್ ಒಂದು ಭಾಗ ಬಹಳವಾಯಿತು. ರೆಕ್ಟಿಫೈಡ್ ಕೇಡ್ ಮಾತ್ರ ಬಳಸಿ, ಶುದ್ಧಮಾಡದ ಕೇಡ್‌ನಲ್ಲಿ ಕ್ಯಾನ್ಸರ್ ತರುವ ಬಹುವಲಯ ಹೈಡ್ರೋಕಾರ್ಬನ್‌ಗಳಿರುತ್ತವೆ. ಅದನ್ನೂ ಮೊದಲು ನೂರಕ್ಕೆ ಒಂದರಂತೆ ತೆಳು ಮಾಡಿ, ಆ ತೆಳುವಿನಲ್ಲಿ ಅರ್ಧ ಭಾಗ. ಹೊಗೆ ಎಂದರೆ ಹೆಚ್ಚಾಗಿ ಗುವಾಯಕಾಲ್, ಕ್ರೆಸಾಲ್ ಜಾತಿಯ ಫೀನಾಲ್‌ಗಳು, ಸೌದೆ ಬೆಂದಾಗ ಹುಟ್ಟುವಂಥವು. ಮೂಗು ಅವುಗಳಿಗೆ ಬಹಳ ಚುರುಕು. ಹೊಗೆ ಇದೆ ಎಂದು ಗೊತ್ತಾದರೆ ಆಗಲೇ ಹೆಚ್ಚಾಯಿತು ಎಂದರ್ಥ.

ಕೇಡ್‌ಗೆ ಬದಲು ನಮ್ಮದೇ ಕೊನ್ನಾರಿ ಗೆಡ್ಡೆಯ ಎಣ್ಣೆ ನೋಡಿ. ಹಿಂದಿಯವರ ನಾಗರಮೋತಾ, ಹೊರದೇಶದ ಸೆಂಟಿನವರ ಸಿಪ್ರಿಯೋಲ್. ಗದ್ದೆಯಲ್ಲಿ ಕಳೆಯೆಂದು ಕಿತ್ತು ಬಿಸಾಡುವ ಹುಲ್ಲಿನ ಹತ್ತಿರದ ನೆಂಟ. ಮಣ್ಣು, ಮರ, ಮಂದ ಹೊಗೆ ಮೂರೂ ಅದರಲ್ಲಿ ಒಟ್ಟಿಗಿವೆ. ಐದು ಭಾಗ ಹಾಕಿದರೂ ಮೀನಿನ ವಾಸನೆ ಬರುವುದಿಲ್ಲ.

ಅಭ್ರಕ:

ಬೂದಿಯ ಬಗ್ಗೆ ನಾನು ಹೇಳಬಲ್ಲೆ. ಜಪಾನಿನಲ್ಲಿ ಓದುತ್ತಿದ್ದಾಗ ಕ್ಯೋಟೊದಲ್ಲಿ ಒಂದು ಕೋದೊ ಕೂಟಕ್ಕೆ, ಅಂದರೆ ಧೂಪ ಆಸ್ವಾದಿಸುವ ಜಪಾನಿ ಕಲೆಯ ಕೂಟಕ್ಕೆ, ಹೋಗಿದ್ದೆ. ಅವರು ಧೂಪವನ್ನು ಮೂಸುವುದು ಎನ್ನುವುದಿಲ್ಲ, "ಕೇಳುವುದು" ಎನ್ನುತ್ತಾರೆ. ಪುಟ್ಟ ಬಟ್ಟಲಿನಲ್ಲಿ ನುಣ್ಣನೆಯ ಬೂದಿ. ಅದರೊಳಗೆ ಕೆಂಡವನ್ನು ಹೂತು, ಬೂದಿಯನ್ನು ಗೋಪುರದ ಹಾಗೆ ತಿದ್ದಿ, ತುದಿಯಲ್ಲಿ ಕಾಗೆಬಂಗಾರದ ತೆಳು ಹಾಳೆ ಇಟ್ಟು, ಅದರ ಮೇಲೆ ಉಗುರಿನ ತುಂಡಿನಷ್ಟು ಅಗರು. ಹೊಗೆಯೇ ಏಳುವುದಿಲ್ಲ. ಅಗರು ಸುಡದೆ ಬರೀ ಕಾಯುತ್ತದೆ. ಆ ಬಟ್ಟಲಿಗೆ ಕೈ ಮುಚ್ಚಿ ಉಸಿರೆಳೆದಾಗ ಮೊದಲು ಸಿಗುವುದು ಬಿಸಿ ಬೂದಿ. ಒಣಗಿದ್ದು, ಸ್ವಲ್ಪ ಲೋಹದ ಹಾಗೆ, ಮಳೆಗೆ ಮುಂಚಿನ ಕಲ್ಲಿನ ಹಾಗೆ.

ಸೆಂಟಿನಲ್ಲಿ ಅದನ್ನು ತರಲು ನಾನು ಬಳಸುವುದು ಮೂರು: ಐಸೊ ಇ ಸೂಪರ್ ಎಂಬ ಕೃತಕ ಸುಗಂಧ ಧಾರಾಳವಾಗಿ, ಅದು ಒಣ ಮರ, ಹೆಚ್ಚು ಮಾತಾಡುವುದಿಲ್ಲ. ಆಲ್ಡಿಹೈಡ್ ಸಿ-12 ಎಂಎನ್‌ಎ, ತೆಳುವಿನಲ್ಲಿ ಒಂದು ಹನಿ, ಆ ಲೋಹದ ತಂಪಿಗೆ. ಕರಿಮೆಣಸಿನ ಎಣ್ಣೆ ಒಂದು ಭಾಗ, ಮೂಗಿನ ತುದಿಗೆ ಆ ಪುಡಿ ತಾಗಿದ ಭಾವಕ್ಕೆ. ಕೆಂಡವಿಲ್ಲದೆ ಧೂಪ ಕಾಯಿಸಿ ಅಭ್ಯಾಸ ಮಾಡಲು ನೀವೂ ದೀಪದ ಮೇಲೆ ಕಾಗೆಬಂಗಾರದ ಹಾಳೆ ಇಟ್ಟು ಸಾಂಬ್ರಾಣಿ ಕಾಯಿಸಿ ನೋಡಿ. ಸುಟ್ಟ ವಾಸನೆ ಮತ್ತು ಕಾದ ವಾಸನೆ ಬೇರೆಯೆಂದು ಆಗ ತಿಳಿಯುತ್ತದೆ.

ಲೋಬಾನ್ ಗಲ್ಲಿ:

ಕಾಗೆಬಂಗಾರ ಹಚ್ಚಿ ನೋಡ್ದೆ ರೀ. ಘಾಟೇ ಇಲ್ಲ! ಐವತ್ತು ವರ್ಷ ಲೋಬಾನ ಅಂದ್ರ ಕಣ್ಣಾಗ ನೀರು ಅಂದ್ಕೊಂಡಿದ್ದೆ. ಕಾಯಿಸಿದ್ರ ಬರೀ ಸಿಹಿ, ಎಳಿ ಕೂಸಿನ ನೆತ್ತಿ ಮೂಸಿದಂಗ. ಆ ಘಾಟು ಬೆಂಜೊಯಿಕ್ ಆಮ್ಲದ್ದು ಅಂತ ನನ್ನ ಮಗ ಹೇಳಿದ. ಅಕ್ಕಾರ, ಆದ್ರೂ ನಿಮ್ಮ ಶೀಶ್ಯಾಗ ಒಂದು ಚೂರು ಘಾಟು ಇರಲಿ. ಘಾಟಿಲ್ಲದ ಲೋಬಾನ ಪರದೇಶದ್ದು ಅನಸ್ತದ.

ಗಂಧದಕೊರಡು:

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಕೈಯ ಉರಿ ವಾಸಿಯಾಗಿದೆ.

ಹನ್ನೊಂದನೆಯ ಪ್ರಯತ್ನ ಹೀಗಿದೆ: ಬೆಂಜೊಯಿನ್ 14, ಫ್ರಾಂಕಿನ್ಸೆನ್ಸ್ ಸಾರ 3, ಲ್ಯಾಬ್ಡಾನಮ್ 2, ಕೊನ್ನಾರಿ 5, ಲಾವಂಚ 3, ಗಂಧ 8, ಐಸೊ ಇ ಸೂಪರ್ 22, ಕರಿಮೆಣಸು 1, ಪಚ್ಚಕರ್ಪೂರ ಸಾಸಿವೆಯಷ್ಟು, ಆಲ್ಡಿಹೈಡ್ ತೆಳುವಿನಲ್ಲಿ ಒಂದು ಹನಿ, ಕೇಡ್ ತೆಳುವಿನಲ್ಲಿ ಅರ್ಧ. ಉಳಿದದ್ದು ರಾಳದ ಟಿಂಕ್ಚರ್. ಮಲ್ಲಿಗೆ ತೆಗೆದುಬಿಟ್ಟೆ. ಹೂವಿದ್ದರೆ ಅದು ಪೂಜೆಯ ಹೊತ್ತಾಗುತ್ತದೆ, ನನಗೆ ಬೇಕಿದ್ದದ್ದು ಪೂಜೆ ಮುಗಿದು ಹೊಗೆ ಇಳಿದು ಮಂಚದ ಕೆಳಗೆ, ಪೆಟ್ಟಿಗೆಯ ಸೀರೆಗಳಲ್ಲಿ ಉಳಿದ ಹೊತ್ತು. ಮೊದಲ ಐದು ನಿಮಿಷ ಈಗಲೂ ತುಸು ನಿಂಬೆ. ಆಮೇಲೆ ನಿಧಾನವಾಗಿ ಬರುತ್ತದೆ, ಆರು ಗಂಟೆ ನಿಲ್ಲುತ್ತದೆ. ಅಮ್ಮನ ಸೆರಗಿಗೆ ಹಚ್ಚಿದ್ದೆ, ಮರುದಿನ ಒಗೆಯಲು ಹಾಕಲಿಲ್ಲ.

ಹೋಗುವವರ ಕೈಯಲ್ಲಿ ಅಕ್ಕನಿಗೆ ಹತ್ತು ಮಿಲಿ ಕಳಿಸಿದೆ. ನಿನ್ನೆ ರಾತ್ರಿ ಫೋನ್ ಬಂತು. ದೇವರಮನೆ ಬಂತು ಕಣೇ, ಬಾಗಿಲ ಹೊಸ್ತಿಲೂ ಬಂತು ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ನಮ್ಮ ತಲೆ ಇಲ್ಲ ಇದರಲ್ಲಿ" ಎಂದಳು. ನನಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು, ಸೀಗೆಕಾಯಿ. ಹರಳೆಣ್ಣೆ ಹೋಗಲು ಸೀಗೆಪುಡಿ ಹಾಕಿ ತಿಕ್ಕಿದ ಒದ್ದೆ ಕೂದಲಿಗೆ ತಾನೇ ಅಜ್ಜಿ ಹೊಗೆ ಹಿಡಿಯುತ್ತಿದ್ದದ್ದು.

ಸೀಗೆಕಾಯಿಯ ಎಣ್ಣೆ ಎಲ್ಲೂ ಸಿಗುತ್ತಿಲ್ಲ. ಯಾರಾದರೂ ತೆಗೆದು ನೋಡಿದ್ದೀರಾ?

ಬತ್ತಿಮನೆ:

ಅದನ್ನು ಬಟ್ಟಿ ಇಳಿಸಲು ಹೋಗಬೇಡಿ ತಾಯಿ, ನೊರೆ ಉಕ್ಕಿ ಹಂಡೆ ಮೀರುತ್ತದೆ. ಒಣ ಸೀಗೆಯ ಬೀಜ ತೆಗೆದು, ಸಿಪ್ಪೆ ಮಾತ್ರ ಹಂಚಿನ ಮೇಲೆ ಬೆಚ್ಚಗೆ ಮಾಡಿ ಪುಡಿಮಾಡಿ. 20 ಗ್ರಾಂ ಪುಡಿಗೆ 100 ಮಿಲಿ ಸ್ಪಿರಿಟ್. ನೀರು ಸೋಕಿಸಬೇಡಿ. ಎರಡು ವಾರ ಕತ್ತಲಲ್ಲಿಟ್ಟು ದಿನಕ್ಕೊಮ್ಮೆ ಅಲುಗಾಡಿಸಿ, ಎರಡು ಸಲ ಸೋಸಿ. ಹುಳಿ, ಒಗರು, ಸ್ವಲ್ಪ ಹುಣಸೆಯ ಹಾಗೆ ಬರುತ್ತದೆ. ಹನ್ನೊಂದನೆಯದಕ್ಕೆ ನೂರಕ್ಕೆ ಎರಡರಿಂದ ಶುರುಮಾಡಿ.

ಗಂಧದಕೊರಡು:

ಸಿಪ್ಪೆ ಬಿಡಿಸಿ ಇಟ್ಟಿದ್ದೇನೆ ಸರ್. ಅಮ್ಮ ಹಂಚು ಕಾಯಲು ಇಟ್ಟಿದ್ದಾರೆ.